ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಆಫ್ ಮಾಡಬೇಕೇ? ಬಾಹ್ಯಾಕಾಶದ ಕಣಗಳ ಬಗ್ಗೆ ಸತ್ಯ ಇಲ್ಲಿದೆ

“ಇಂದು ರಾತ್ರಿ 12.30ರಿಂದ 3.30ರವರೆಗೆ ಅಪಾಯಕಾರಿ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗಲಿವೆ, ಮೊಬೈಲ್ ಆಫ್ ಮಾಡಿ ದೂರ ಇಡಿ” ಎಂಬ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಾಸಾ, ಬಿಬಿಸಿ ಹೆಸರು ಹೇಳಿಕೊಂಡು ಇದು ಹಲವು ವರ್ಷಗಳಿಂದ ಸುತ್ತುತ್ತಿದೆ. “ಇಂದು” ಎಂದರೆ ಯಾವ ತಾರೀಖು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ.

ಈ ಸಂದೇಶ ಸುಳ್ಳು. ಆದರೆ ಬಾಹ್ಯಾಕಾಶದಿಂದ ಅತಿ ವೇಗದ ಕಣಗಳು ಬರುವುದು ನಿಜ.

ಈ ಕಣಗಳಿಗೆ ಅಷ್ಟು ವೇಗ ಎಲ್ಲಿಂದ?

2020ರ ಮೇ 20ರಂದು ಬೆಂಗಳೂರಿನಲ್ಲಿ ಕೇಳಿಸಿದ ಭಾರೀ ಸದ್ದು ನೆನಪಿದೆಯೇ? ಅದು ಶಬ್ದಕ್ಕಿಂತ ವೇಗವಾಗಿ ಹಾರಿದ ವಾಯುಪಡೆಯ ವಿಮಾನದ್ದು. ಅಂಥ ವಿಮಾನದ ಮುಂದೆ ಗಾಳಿ ಒತ್ತಿಕೊಂಡು ಆಘಾತ ತರಂಗ ಏಳುತ್ತದೆ.

ಸೂರ್ಯನ ಬಳಿಯೂ ಹೀಗೆಯೇ. ಅಲ್ಲಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸೌರ ಮಾರುತ ಸದಾ ಬೀಸುತ್ತಿರುತ್ತದೆ. ಕೆಲವೊಮ್ಮೆ ಸೂರ್ಯ ಸೆಕೆಂಡಿಗೆ 2,000 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ದೊಡ್ಡ ಪ್ಲಾಸ್ಮಾ ಮೋಡವನ್ನು ಎಸೆಯುತ್ತಾನೆ. ಅದರ ಮುಂದೆ ಆಘಾತ ತರಂಗ ಹುಟ್ಟುತ್ತದೆ.

ಮುನ್ನುಗ್ಗಿ ಬರುವ ಬ್ಯಾಟಿಗೆ ತಗುಲಿದ ಚೆಂಡು ಬಂದದ್ದಕ್ಕಿಂತ ಜೋರಾಗಿ ಹೋಗುತ್ತದಲ್ಲವೇ? ಪ್ರೋಟಾನಿನಂಥ ಕಣಗಳಿಗೂ ಇದೇ ಆಗುತ್ತದೆ. ತರಂಗದ ಎರಡೂ ಬದಿಯ ಕಾಂತಕ್ಷೇತ್ರಗಳು ಅವನ್ನು ಆಚೆಯಿಂದ ಈಚೆಗೆ ಪುಟಿಸುತ್ತವೆ. ಪ್ರತಿ ಸಲ ದಾಟಿದಾಗಲೂ ಶಕ್ತಿ ಸ್ವಲ್ಪ ಹೆಚ್ಚುತ್ತದೆ. ಕೊನೆಗೆ ತಪ್ಪಿಸಿಕೊಂಡ ಅತಿ ವೇಗದ ಕಣಗಳು ಒಂದು ಗಂಟೆಯೊಳಗೇ ಭೂಮಿಯ ಸಮೀಪ ತಲುಪಬಲ್ಲವು. ಮೋಡಕ್ಕೆ ಒಂದರಿಂದ ಮೂರು ದಿನ ಬೇಕು.

ನಮಗೆ ಅಪಾಯವೇ?

ನೆಲದ ಮೇಲಿರುವ ನಮಗಿಲ್ಲ. ಭೂಮಿಯ ಕಾಂತಕ್ಷೇತ್ರ ಮತ್ತು ದಪ್ಪ ವಾತಾವರಣ ಇವನ್ನು ತಡೆಯುತ್ತವೆ. ಅಪಾಯ ಇರುವುದು ಉಪಗ್ರಹಗಳಿಗೆ, ಚಂದ್ರನತ್ತ ಹೋಗುವ ಗಗನಯಾತ್ರಿಗಳಿಗೆ. 1972ರ ಆಗಸ್ಟ್‌ನಲ್ಲಿ ಇಂಥ ದೊಡ್ಡ ಸೌರಬಿರುಗಾಳಿ ಬೀಸಿತು. ಅಪೊಲೊ 16 ಏಪ್ರಿಲ್‌ನಲ್ಲೇ ಮರಳಿತ್ತು, ಅಪೊಲೊ 17 ಹೊರಟದ್ದು ಡಿಸೆಂಬರ್‌ನಲ್ಲಿ. ನಡುವೆ ಯಾರೂ ಚಂದ್ರನ ಮೇಲಿರಲಿಲ್ಲ ಎಂಬುದೇ ಅದೃಷ್ಟ.

ಈಗ ಇಸ್ರೋದ ಆದಿತ್ಯ-ಎಲ್1 ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ಇಂಥ ಕಣಗಳನ್ನು ಅಳೆಯುತ್ತಿದೆ.

ಮೊಬೈಲ್ ಆಫ್ ಮಾಡಿದರೆ?

ಫೋನು ಈ ಕಣಗಳನ್ನು ಸೆಳೆಯುವುದಿಲ್ಲ, ಆಫ್ ಮಾಡಿದರೆ ಅವು ನಿಲ್ಲುವುದೂ ಇಲ್ಲ. ಆದರೆ ಮಧ್ಯರಾತ್ರಿ ಊರಲ್ಲಿ ಒಂಟಿಯಾಗಿರುವ ಅಪ್ಪ-ಅಮ್ಮನಿಗೆ ಎದೆನೋವು ಬಂದು ನಿಮಗೆ ಕರೆ ಮಾಡಿದರೆ? ಫೋನ್ ಆನ್ ಇರಲಿ. ಫಾರ್ವರ್ಡ್ ಮಾತ್ರ ನಿಮ್ಮಲ್ಲೇ ನಿಲ್ಲಲಿ.