ಗುಂಡಿನ ಲೆಕ್ಕ, ಬಯಲಿನ ಲೆಕ್ಕ

ಎಸೆದ ವಸ್ತುವಿನ ಚಲನೆಯನ್ನು ಕುರಿತ ಲೆಕ್ಕಗಳನ್ನು ಕೊಡುವಾಗ ನಾವು, ಅಧ್ಯಾಪಕರು, ಕೊನೆಯಲ್ಲಿ ಒಂದು ವಾಕ್ಯವನ್ನು ತಪ್ಪದೆ ಸೇರಿಸುತ್ತೇವೆ: “ಗಾಳಿಯ ತಡೆಯನ್ನು ಕಡೆಗಣಿಸಿ.” ಈ ವಾಕ್ಯದಿಂದ ವಿದ್ಯಾರ್ಥಿಯ ಶ್ರಮ ಬಹಳಷ್ಟು ಉಳಿಯುತ್ತದೆ. ಆದರೆ ಹಾಗೆ ಕಡೆಗಣಿಸಲಾಗದ ಸಂದರ್ಭಗಳೂ ಉಂಟು. ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ನಡೆಯುವ ಪ್ರೇರಿ ನಾಯಿಯ ಬೇಟೆ ಅಂಥದೊಂದು. ಪೂರ್ವದ ಊರೊಂದರ ಗೃಹಸ್ಥನು ಬಾಡಿಗೆಯ ಮಾರ್ಗದರ್ಶಿಯಿಲ್ಲದೆ, ತಾನೇ ನಕ್ಷೆ ಹಿಡಿದು, ದಕ್ಷಿಣ ಡಕೋಟಾ ರಾಜ್ಯಕ್ಕೆ ಈ ಬೇಟೆಗಾಗಿ ಹೊರಡಲು ಯೋಜಿಸುತ್ತಾನೆಂದು ಭಾವಿಸೋಣ. ಅವನು ಏನೇನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಪ್ರೇರಿ ನಾಯಿ ನಾಯಿಯಲ್ಲ

ಇದು ಅಳಿಲಿನ ಕುಟುಂಬಕ್ಕೆ ಸೇರಿದ, ಸುಮಾರು ಒಂದು ಕಿಲೋಗ್ರಾಂ ತೂಗುವ, ಬಿಲದಲ್ಲಿ ವಾಸಿಸುವ ದಂಶಕ. ಅಪಾಯ ಕಂಡೊಡನೆ ಬೊಗಳಿದಂತೆ ಕೂಗುವುದರಿಂದ ಈ ಹೆಸರು ಬಂದಿತು. 1804ರ ಸೆಪ್ಟೆಂಬರಿನಲ್ಲಿ ಲೂಯಿಸ್ ಮತ್ತು ಕ್ಲಾರ್ಕರ ಅನ್ವೇಷಕ ತಂಡದವರು ಇದನ್ನು ಹಿಡಿಯಲು ಬಿಲಕ್ಕೆ ಪೀಪಾಯಿಗಟ್ಟಲೆ ನೀರು ಸುರಿದರು. ಮರುವರ್ಷ ಒಂದು ಪ್ರಾಣಿ ಜೀವಂತವಾಗಿಯೇ ಅಧ್ಯಕ್ಷ ಜೆಫರ್ಸನ್ನರಿಗೆ ತಲುಪಿತು. ಇವುಗಳಲ್ಲಿ ಐದು ಜಾತಿಗಳಿವೆ. ಡಕೋಟಾದಲ್ಲಿರುವುದು ಕಪ್ಪು ಬಾಲದ ಜಾತಿ. ನೂರಾರು ಬಿಲಗಳು ಸೇರಿದ ನೆಲೆಯನ್ನು ಅಲ್ಲಿಯವರು ‘ಊರು’ ಎಂದೇ ಕರೆಯುತ್ತಾರೆ. 1900ರ ಸುಮಾರಿನಲ್ಲಿ ಟೆಕ್ಸಾಸಿನ ಒಂದೇ ‘ಊರಿ’ನಲ್ಲಿ 40 ಕೋಟಿ ಪ್ರಾಣಿಗಳಿದ್ದುವೆಂದು ಆಗಿನವರು ಅಂದಾಜು ಮಾಡಿದ್ದರು. ದನಗಳ ಹುಲ್ಲನ್ನು ತಿಂದುಬಿಡುತ್ತವೆಂಬ ದೂರಿನಿಂದ ಅವುಗಳಿಗೆ ವಿಷವಿಟ್ಟರು. ಬಯಲನ್ನು ಉತ್ತು ಹೊಲಮಾಡಿದರು. ಇಂದು ಉಳಿದಿರುವುದು ಹಿಂದಿನ ವಿಸ್ತಾರದ ಅತ್ಯಲ್ಪ ಭಾಗ. ಆದರೂ ದನ ಸಾಕುವವರ ಕಣ್ಣಿಗೆ ಇದು ಪೀಡೆಯೇ. ಬೇಟೆಗಾರನಿಗೆ ಅನುಮತಿ ಸಿಕ್ಕುವುದೂ ಹೆಚ್ಚಾಗಿ ಈ ಕಾರಣದಿಂದಲೇ.

ಗುಂಡಿನ ಪಥ

ಈ ಬೇಟೆಯಲ್ಲಿ ಸಾಮಾನ್ಯವಾಗಿ ಬಳಸುವುದು 223 ರೆಮಿಂಗ್ಟನ್ ಎಂಬ ಬಗೆಯ ರೈಫಲ್. ಇದರ ಗುಂಡಿನ ತೂಕ ಸುಮಾರು ಮೂರೂವರೆ ಗ್ರಾಂ. ನಳಿಗೆಯ ಬಾಯಿಂದ ಹೊರಡುವಾಗ ವೇಗ ಸೆಕೆಂಡಿಗೆ ಸುಮಾರು 990 ಮೀಟರು. ಗುರಿ 300 ಗಜ, ಎಂದರೆ 274 ಮೀಟರು ದೂರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಗಾಳಿಯೇ ಇಲ್ಲದಿದ್ದರೆ ಗುಂಡು 0.28 ಸೆಕೆಂಡಿನಲ್ಲಿ ಅಲ್ಲಿ ಮುಟ್ಟಬೇಕು. ಗಾಳಿಯ ತಡೆಯಿಂದಾಗಿ ಮುಟ್ಟುವಾಗ ಅದರ ವೇಗ ಸುಮಾರು 660 ಮೀಟರಿಗೆ ಇಳಿದಿರುತ್ತದೆ. ಹಿಡಿಯುವ ಕಾಲ 0.34 ಸೆಕೆಂಡು. ಅಷ್ಟರಲ್ಲಿ ಗುರುತ್ವಾಕರ್ಷಣೆಯಿಂದ ಅದು ಅರ್ಧ ಮೀಟರಿನಷ್ಟು ಕೆಳಗಿಳಿದಿರುತ್ತದೆ. ದೂರ ತಿಳಿದಿದ್ದರೆ ಈ ಇಳಿತವನ್ನು ದುರ್ಬೀನಿನ ತಿರುಪಿನಿಂದ ಸರಿಪಡಿಸಬಹುದು. ಕಷ್ಟವಿರುವುದು ಪಕ್ಕದ ಗಾಳಿಯಲ್ಲಿ.

ಗಂಟೆಗೆ 16 ಕಿಲೋಮೀಟರು ವೇಗದ ಗಾಳಿ ಅಡ್ಡಲಾಗಿ ಬೀಸುತ್ತಿದೆಯೆನ್ನೋಣ. ಅದು ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೀಟರು. ಇದನ್ನು 0.34ರಿಂದ ಗುಣಿಸಿದರೆ ಒಂದೂವರೆ ಮೀಟರು ಬರುತ್ತದೆ. ಗುಂಡು ಅಷ್ಟು ಪಕ್ಕಕ್ಕೆ ಸರಿಯುವುದೇ? ಇಲ್ಲ. ಗುಂಡು ತರಗೆಲೆಯಂತೆ ಗಾಳಿಯೊಡನೆ ತೇಲಿಹೋಗುವುದಿಲ್ಲ. ಮಳೆಯಲ್ಲಿ ವೇಗವಾಗಿ ನಡೆಯುವವನು ಕೊಡೆಯನ್ನು ಮುಂದಕ್ಕೆ ವಾಲಿಸುವುದನ್ನು ನೆನೆಯಿರಿ. ನೇರ ಬೀಳುವ ಹನಿಯೂ ಅವನಿಗೆ ಎದುರಿನಿಂದ ಓರೆಯಾಗಿ ಬಂದಂತೆ ತೋರುತ್ತದೆ. ಹಾಗೆಯೇ ಗುಂಡಿಗೆ ತನ್ನ ವೇಗದ ಎದುರುಗಾಳಿಯೂ ಪಕ್ಕದ ಗಾಳಿಯೂ ಕೂಡಿ ಅತಿ ಸ್ವಲ್ಪವೇ ಓರೆಯಾದ ಒಂದೇ ಗಾಳಿಯಾಗುತ್ತದೆ. ಗುಂಡಿನ ಮೂತಿ ಆ ಓರೆಗೆ ತಿರುಗಿಕೊಳ್ಳುತ್ತದೆ, ತಡೆಯೂ ಆ ದಿಕ್ಕಿನಲ್ಲಿಯೇ ಎಳೆಯುತ್ತದೆ. ಇದರಿಂದ ದೊರೆಯುವ ಸೂತ್ರ ಬಹು ಸರಳವಾದುದು: ಗಾಳಿಯ ವೇಗವನ್ನು ಇಡೀ ಪ್ರಯಾಣದ ಕಾಲದಿಂದಲ್ಲ, ತಡೆಯಿಂದಾದ ವಿಳಂಬದಿಂದ ಮಾತ್ರ ಗುಣಿಸಬೇಕು. ಇಲ್ಲಿ ವಿಳಂಬ 0.06 ಸೆಕೆಂಡು; ಸರಿತ ಸುಮಾರು 27 ಸೆಂಟಿಮೀಟರು. ಗಾಳಿಯ ತಡೆಯೇ ಇಲ್ಲದಿದ್ದರೆ ಪಕ್ಕದ ಸರಿತವೂ ಇರುತ್ತಿರಲಿಲ್ಲ!

27 ಸೆಂಟಿಮೀಟರೆಂದರೆ ಒಂದು ಗೇಣಿಗಿಂತ ಹೆಚ್ಚು. ಬಿಲದ ಬಾಯಲ್ಲಿ ನೆಟ್ಟಗೆ ನಿಂತ ಪ್ರೇರಿ ನಾಯಿಯ ಅಗಲ ಅರ್ಧ ಗೇಣು. ಗಾಳಿಯ ವೇಗವನ್ನು ಕಾಲುಭಾಗದಷ್ಟು ತಪ್ಪಾಗಿ ಊಹಿಸಿದರೂ ಗುಂಡು ಮೈಯ ನಡುವನ್ನು ಬಿಟ್ಟು ಅಂಚಿಗೆ ತಗಲುತ್ತದೆ. ಗಾಯಗೊಂಡ ಪ್ರಾಣಿ ತೆವಳಿಕೊಂಡು ಬಿಲಕ್ಕೆ ಇಳಿದು, ಕತ್ತಲೆಯಲ್ಲಿ ನಿಧಾನವಾಗಿ ಸಾಯುತ್ತದೆ. ಆದುದರಿಂದ ಎಷ್ಟು ದೂರದವರೆಗೆ ಗುಂಡು ಹಾರಿಸಬಹುದೆಂಬುದು ಶೌರ್ಯದ ಪ್ರಶ್ನೆಯಲ್ಲ, ಪ್ರಾಮಾಣಿಕತೆಯ ಪ್ರಶ್ನೆ. ಬೇಟೆಗಾರನು ಮೊದಲು ತನ್ನ ಊರಿನಲ್ಲಿಯೇ, ಗಾಳಿಯಿರುವ ದಿನ, ಕಾಗದದ ಗುರಿಯ ಮೇಲೆ ತನ್ನ ಮಿತಿಯನ್ನು ಕಂಡುಕೊಳ್ಳಬೇಕು.

ಬಿಸಿಲೂ ಉಕ್ಕೂ

ಬಯಲಿನಲ್ಲಿ ಗಾಳಿಯ ವೇಗವನ್ನು ತಿಳಿಯಲು ಬೇಟೆಗಾರರು ಬಿಸಿಲ್ಗುದುರೆಯನ್ನು ಓದುತ್ತಾರೆ. ಕಾದ ನೆಲದ ಮೇಲಿನ ಗಾಳಿಯ ಪದರಗಳಲ್ಲಿ ಬೆಳಕು ವಕ್ರೀಭವನ ಹೊಂದಿ ದೃಶ್ಯ ಅಲೆಯಲೆಯಾಗಿ ನಡುಗುತ್ತದೆ. ಅಲೆಗಳು ನೇರ ಮೇಲಕ್ಕೆ ಎದ್ದರೆ ಅಡ್ಡಗಾಳಿಯಿಲ್ಲ. ಪಕ್ಕಕ್ಕೆ ಹರಿದರೆ ಗಾಳಿಯಿದೆ. ಬಿಸಿಲೇರಿದಂತೆ ನಡುಕ ಹೆಚ್ಚಿ ಗುರಿಯೇ ಕದಡಿಹೋಗುವುದರಿಂದ ಬೆಳಗಿನ ಹೊತ್ತು ಮೇಲು. ನಳಿಗೆಯೂ ಕಾಯುತ್ತದೆ. ಸಿಡಿಮದ್ದಿನ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಗುಂಡಿನ ಚಲನಶಕ್ತಿಯಾಗುತ್ತದೆ. ಉಳಿದುದರ ಒಂದು ಪಾಲು ಉಕ್ಕನ್ನು ಬಿಸಿಮಾಡುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ ಒಂದೊಂದು ಹೊಡೆತಕ್ಕೂ ನಳಿಗೆಯ ಉಷ್ಣತೆ ಎರಡು ಮೂರು ಡಿಗ್ರಿ ಏರಬಹುದು. ಬಿಡುವಿಲ್ಲದೆ ಇಪ್ಪತ್ತು ಸಲ ಹಾರಿಸಿದರೆ ಅದನ್ನು ಮುಟ್ಟಲೂ ಆಗದು, ಗುರಿಯೂ ಕೆಡುವುದು. ಎರಡು ಮೂರು ರೈಫಲುಗಳನ್ನು ಒಯ್ದು ಸರದಿಯಂತೆ ತಣಿಸುವ ಪದ್ಧತಿ ಇದರಿಂದಲೇ ಬಂದಿದೆ. ಗುರಿಯ ಹಿಂದೆ ಮಣ್ಣಿನ ದಿಬ್ಬವಿರಬೇಕೆಂಬುದು ಎಲ್ಲಕ್ಕಿಂತ ಮೊದಲ ನಿಯಮ. ಗುರಿ ತಪ್ಪಿ ಮೇಲಕ್ಕೆ ಹೋದ ಗುಂಡು ಎರಡು ಕಿಲೋಮೀಟರಿಗೂ ಹೆಚ್ಚು ದೂರ ಸಾಗಬಲ್ಲದು.

ಎಲ್ಲಿ, ಯಾವಾಗ?

ರಾಜ್ಯದ ಪರವಾನಗಿ ಬೇಕು. ಖಾಸಗಿ ನೆಲವಾದರೆ ಒಡೆಯನ ಒಪ್ಪಿಗೆ ಬೇಕು. ದಕ್ಷಿಣ ಡಕೋಟಾದ ಸಾರ್ವಜನಿಕ ಭೂಮಿಯಲ್ಲಿ ಮಾರ್ಚ್ 1ರಿಂದ ಜೂನ್ 14ರವರೆಗೆ ಈ ಬೇಟೆ ನಿಷಿದ್ಧ. ಮರಿ ಹುಟ್ಟುವ, ಬಿಲದಿಂದ ಮೊದಲು ಹೊರಬರುವ ಕಾಲ ಅದು; ಆಗ ತಾಯಿ ಸತ್ತರೆ ಮರಿಗಳೂ ಉಪವಾಸದಿಂದ ಸಾಯುತ್ತವೆ. ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆ ಯಾವಾಗಲೂ ಕೂಡದು. ಅದರ ಪಕ್ಕದ ಬಫೆಲೊ ಗ್ಯಾಪ್ ರಾಷ್ಟ್ರೀಯ ಹುಲ್ಲುಗಾವಲಿನಲ್ಲಿ ಕೊನಾಟ ಬಯಲೆಂಬ ಭಾಗವನ್ನೂ ಮುಚ್ಚಿದ್ದಾರೆ. ಪ್ರೇರಿ ನಾಯಿಗಳು ಹೇರಳವಾಗಿರುವ ಜಾಗವನ್ನೇ ಏಕೆ ಮುಚ್ಚಬೇಕು?

ಕರಿಗಾಲಿನ ಫೆರೆಟ್ ಎಂಬ ಪ್ರಾಣಿಯ ಸಲುವಾಗಿ. ನೋಡಲು ಮುಂಗುಸಿಯಂತೆ ನೀಳವಾದ ಈ ಜೀವಿ ಪ್ರೇರಿ ನಾಯಿಯ ಬಿಲದಲ್ಲಿಯೇ ವಾಸಿಸಿ, ಪ್ರೇರಿ ನಾಯಿಗಳನ್ನೇ ತಿಂದು ಬದುಕುತ್ತದೆ. ಒಂದಕ್ಕೆ ವರ್ಷಕ್ಕೆ ನೂರಕ್ಕೂ ಹೆಚ್ಚು ಬೇಕು. ಇದು ನಿರ್ವಂಶವಾಯಿತೆಂದೇ ಎಲ್ಲರೂ ತಿಳಿದಿದ್ದಾಗ, 1981ರಲ್ಲಿ ವಯೋಮಿಂಗ್ ರಾಜ್ಯದ ಮೀಟೀಟ್ಸಿ ಬಳಿಯ ಒಂದು ಸಾಕುನಾಯಿ ಸತ್ತ ಫೆರೆಟನ್ನು ಮನೆಗೆ ಕಚ್ಚಿ ತಂದಿತು. ಅಲ್ಲಿ ಉಳಿದವುಗಳಿಗೂ ರೋಗ ತಗಲಿ, 1987ರ ವೇಳೆಗೆ ಕೊನೆಯ 18ನ್ನು ಹಿಡಿದು ಸಾಕಬೇಕಾಯಿತು. ಇಂದಿರುವ ಫೆರೆಟುಗಳು ಬಹುಮಟ್ಟಿಗೆ ಅವುಗಳಲ್ಲಿ ಏಳರ ಸಂತತಿ. 1996ರಲ್ಲಿ ಕೊನಾಟ ಬಯಲಿಗೆ ಅವನ್ನು ಬಿಟ್ಟರು.

ಬೇಟೆಗಾರನ ಲೆಕ್ಕಕ್ಕೆ ಸೇರಬೇಕಾದ ಇನ್ನೊಂದು ಅಂಶ ಪ್ಲೇಗು. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಹಿರಿಯರನ್ನು ಊರು ಬಿಡಿಸಿದ ಆ ಮಹಾಮಾರಿಯೇ 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಂದರದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಚಿಗಟಗಳ ಮೂಲಕ ಬಯಲಿನ ದಂಶಕಗಳಿಗೆ ಹಬ್ಬಿತು. ಪ್ರೇರಿ ನಾಯಿಗಳಿಗೆ ಅದನ್ನು ತಡೆಯುವ ಶಕ್ತಿಯಿಲ್ಲ. ರೋಗ ಹೊಕ್ಕ ‘ಊರು’ ಕೆಲವೇ ವಾರಗಳಲ್ಲಿ ಬರಿದಾಗಬಹುದು. 2008ರಲ್ಲಿ ಅದು ಕೊನಾಟ ಬಯಲನ್ನೂ ಮುಟ್ಟಿತು. ಬಿಲಬಿಲಕ್ಕೂ ಚಿಗಟನಾಶಕ ಪುಡಿ ಹಾಕಿ, ಫೆರೆಟುಗಳಿಗೆ ಲಸಿಕೆ ಚುಚ್ಚಿ ಕಾಪಾಡಿದರು. ಆದುದರಿಂದ ಸತ್ತ ಪ್ರಾಣಿಯನ್ನು ಬರಿಗೈಯಿಂದ ಮುಟ್ಟಬಾರದು; ಜೊತೆಯ ನಾಯಿಯನ್ನು ಬಿಲಗಳ ಬಳಿ ಬಿಡಬಾರದು.

ಇನ್ನು ಸೀಸ. ಈ ಬೇಟೆಯ ಗುಂಡು ಸಾಮಾನ್ಯವಾಗಿ ಮೈಯೊಳಗೆ ಚೂರುಚೂರಾಗಿ ಒಡೆಯುವಂಥದು. ಬಯಲಿನಲ್ಲಿ ಬಿಟ್ಟ ಮೃತದೇಹವನ್ನು ಹದ್ದುಗಳೂ ಗಿಡುಗಗಳೂ ತಿಂದಾಗ ಸೀಸದ ಚೂರುಗಳು ಅವುಗಳ ಹೊಟ್ಟೆ ಸೇರಿ ವಿಷವಾಗುತ್ತವೆ. ತಾಮ್ರದ ಗುಂಡು ತುಸು ದುಬಾರಿ; ಆದರೆ ಹದ್ದಿನ ಬೆಲೆಯನ್ನು ಯಾರೂ ರಸೀದಿಯಲ್ಲಿ ಬರೆಯುವುದಿಲ್ಲ.

ಹೀಗೆ ಯೋಜನೆ ಮಾಡಲು ಕುಳಿತವನ ಮೇಜಿನ ಮೇಲೆ ಎರಡು ಲೆಕ್ಕಗಳಿರುತ್ತವೆ. ಗುಂಡಿನ ಲೆಕ್ಕ ಮೂರನೆಯ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ; ಬಯಲಿನ ಲೆಕ್ಕ ಆ ಕ್ಷಣದಲ್ಲಿ ಆರಂಭವಾಗುತ್ತದೆ. ಮೊದಲನೆಯದರಲ್ಲಿ ಗಾಳಿಯನ್ನು ಕಡೆಗಣಿಸಿದರೆ ಗುರಿ ತಪ್ಪುವುದು, ತಪ್ಪು ಒಡನೆ ಕಾಣುವುದು. ಎರಡನೆಯದರಲ್ಲಿ ಫೆರೆಟನ್ನೋ ಹದ್ದನ್ನೋ ಕಡೆಗಣಿಸಿದರೆ ಗುರಿಯೇನೂ ತಪ್ಪದು. ತಪ್ಪಾಯಿತೆಂಬುದು ಮಾತ್ರ ವರ್ಷಗಳ ಮೇಲೆ ಬೇರೆ ಯಾರಿಗೋ ತಿಳಿಯುವುದು. ಎರಡನ್ನೂ ಪೂರ್ತಿಯಾಗಿ ಮಾಡಿದವನು ಕಡೆಗೆ ರೈಫಲನ್ನು ಮನೆಯಲ್ಲಿಯೇ ಬಿಟ್ಟು ದುರ್ಬೀನನ್ನು ಮಾತ್ರ ಒಯ್ಯಲೂಬಹುದು. ಒಯ್ದರೂ ಎಲ್ಲಿ ನಿಲ್ಲಿಸಬೇಕೆಂದು ಬಲ್ಲನು. ಇನ್ನು ಮುಂದೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ “ಕಡೆಗಣಿಸಿ” ಎಂಬ ಮಾತನ್ನು ಕಂಡಾಗ, ಯಾವುದನ್ನು, ಏಕೆ, ಯಾರ ವೆಚ್ಚದಲ್ಲಿ ಎಂದು ನಮ್ಮ ವಿದ್ಯಾರ್ಥಿಗಳು ಕೇಳಿದರೆ ನಮಗೆ ಸಂತೋಷವೇ.