ಮಳೆಯೊಡನೆ ಬದಲಾಗುವ ಬಾವಿ ನೀರು: ಪರೀಕ್ಷೆ ಯಾವಾಗ? ನಿರ್ವಹಣೆ ಹೇಗೆ?

ಬಾವಿ ತೋಡಿಸಿದಾಗ ಒಮ್ಮೆ ನೀರು ಪರೀಕ್ಷೆ ಮಾಡಿಸಿದರೆ ಸಾಕು ಎಂಬ ಭಾವನೆ ಅನೇಕ ರೈತರಲ್ಲಿದೆ. ಮಳೆ ಚೆನ್ನಾಗಿ ಬಂದರೆ ಸವುಳು ನೀರು ತಾನಾಗಿಯೇ ಸಿಹಿಯಾಗುತ್ತದೆ ಎಂಬ ನಂಬಿಕೆಯೂ ಉಂಟು. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಮಾತ್ರ ನಿಜ. ಒಂದೇ ಬಾವಿಯ ನೀರು ಮೇ ತಿಂಗಳಲ್ಲಿ ಒಂದು ಬಗೆ, ಜುಲೈನಲ್ಲಿ ಇನ್ನೊಂದು ಬಗೆ, ನವೆಂಬರ್‌ನಲ್ಲಿ ಮತ್ತೊಂದು ಬಗೆ ಇರಬಹುದು. ಆದುದರಿಂದ ಮಳೆಗೂ ನೀರಿನ ಗುಣಕ್ಕೂ ಇರುವ ಸಂಬಂಧವನ್ನು ತಿಳಿದಿರುವುದು ಬೆಳೆಯ ದೃಷ್ಟಿಯಿಂದಲೂ ಮನೆಮಂದಿಯ ಆರೋಗ್ಯದ ದೃಷ್ಟಿಯಿಂದಲೂ ಅತ್ಯವಶ್ಯ.

ಮಳೆ ನೀರು ಬಾವಿಯನ್ನು ಸೇರುವ ಬಗೆ

ಒಂದು ಹೆಕ್ಟೇರ್ ಭೂಮಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರಾಗುತ್ತದೆ. ಆದರೆ ಅದರಲ್ಲಿ ಹೆಚ್ಚಿನ ಭಾಗ ಹರಿದು ಹೋಗುತ್ತದೆ ಇಲ್ಲವೆ ಆವಿಯಾಗುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗ ಜಿಲ್ಲೆಗಳಂಥ ಗಟ್ಟಿ ಕಲ್ಲಿನ ಪ್ರದೇಶಗಳಲ್ಲಿ ಬಿದ್ದ ಮಳೆಯ ಸುಮಾರು ಹತ್ತನೆಯ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ನೀರು ಮಾತ್ರ ಅಂತರ್ಜಲವನ್ನು ಸೇರುತ್ತದೆ.

ಮಳೆ ನೀರಿನಲ್ಲಿ ಲವಣಗಳು ಅತ್ಯಲ್ಪ. ಅದು ಮಣ್ಣಿನ ಮೂಲಕ ಇಳಿಯುವಾಗ ಅಲ್ಲಿರುವ ಲವಣ, ಗೊಬ್ಬರದ ಅಂಶ, ತಿಪ್ಪೆಯ ಕೊಳೆ ಎಲ್ಲವನ್ನೂ ಕರಗಿಸಿಕೊಂಡು ಹೋಗುತ್ತದೆ. ಆದುದರಿಂದ ಹಂಗಾಮಿನ ಮೊದಲ ಜೋರು ಮಳೆಗಳ ನಂತರ ಮೇಲುಸ್ತರದ ಬಾವಿಗಳ ನೀರು ಕೆಲಕಾಲ ಕೆಡುವುದುಂಟು. ಮಳೆ ಮುಂದುವರಿದು ಹೆಚ್ಚು ನೀರು ಇಳಿದಂತೆ ಲವಣಗಳ ಸಾಂದ್ರತೆ ಕಡಿಮೆಯಾಗುತ್ತದೆ. ತೆರೆದ ಬಾವಿಗಳಲ್ಲಿ ಈ ಬದಲಾವಣೆ ಬೇಗ ಕಾಣುತ್ತದೆ. ನೂರಾರು ಅಡಿ ಆಳದ ಕೊಳವೆ ಬಾವಿಗಳಲ್ಲಿ ಒಂದು ವರ್ಷದ ಒಳ್ಳೆಯ ಮಳೆಯಿಂದಲೂ ಹೆಚ್ಚಿನ ವ್ಯತ್ಯಾಸ ಕಾಣದಿರಬಹುದು.

ಗಮನಿಸಬೇಕಾದ ಅಂಶಗಳು

ನೈಟ್ರೇಟ್: ಯೂರಿಯಾ ಹಾಗೂ ಕೊಟ್ಟಿಗೆ ಗೊಬ್ಬರಗಳ ಸಾರಜನಕವು ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಾರ್ಪಡುತ್ತದೆ. ಇದನ್ನು ಮಣ್ಣಿನ ಕಣಗಳು ಹಿಡಿದಿಟ್ಟುಕೊಳ್ಳಲಾರವು. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಜೋರು ಮಳೆಯೊಡನೆ ಅದು ಬೇರಿನ ಆಳವನ್ನು ದಾಟಿ ಬಾವಿಯನ್ನು ಸೇರುತ್ತದೆ. ಗೊಬ್ಬರಕ್ಕೆ ಕೊಟ್ಟ ಹಣವೂ ಹಾಳು, ಕುಡಿಯುವ ನೀರೂ ಹಾಳು. ಆರು ತಿಂಗಳೊಳಗಿನ ಶಿಶುಗಳಿಗೆ ಇಂಥ ನೀರು ಪ್ರಾಣಾಪಾಯಕಾರಿ.

ಫ್ಲೋರೈಡ್: ಇದು ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಖನಿಜಗಳಿಂದ ನೀರಿಗೆ ಬರುತ್ತದೆ. ನೀರು ಶಿಲೆಯೊಡನೆ ಹೆಚ್ಚು ಕಾಲ ಇದ್ದಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ಬರಗಾಲದಲ್ಲಿ ಕೊಳವೆ ಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸಿದವರು ಈ ಅಂಶವನ್ನು ಪರೀಕ್ಷಿಸದೆ ಆ ನೀರನ್ನು ಕುಡಿಯಬಾರದು. ಮಕ್ಕಳ ಹಲ್ಲುಗಳ ಮೇಲೆ ಹಳದಿ ಅಥವಾ ಕಂದು ಕಲೆ ಕಾಣಿಸಿದರೆ ನೀರನ್ನು ಸಂಶಯಿಸಬೇಕು. ಇಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳು ಬಿಗಿಯುತ್ತವೆ; ಈ ಹಾನಿಯನ್ನು ಸರಿಪಡಿಸಲಾಗದು.

ರೋಗಾಣುಗಳು: ಮಳೆಗಾಲದ ದೊಡ್ಡ ಅಪಾಯ ಇದೇ. ಹೊರಗಿನ ಹರಿಯುವ ನೀರು ಕಟ್ಟೆ ಇಲ್ಲದ ಬಾವಿಗೆ ಇಳಿದರೆ ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಹರಡಬಹುದು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದಲ್ಲಿ ಉಂಟಾದಂಥ ನೆರೆಯ ಸಂದರ್ಭದಲ್ಲಿ ನೀರು ನುಗ್ಗಿದ ಯಾವ ಬಾವಿಯನ್ನೂ ಶುದ್ಧೀಕರಿಸದೆ ಬಳಸಕೂಡದು.

ಮಾದರಿ ತೆಗೆಯುವ ಕಾಲ

ವರ್ಷಕ್ಕೆ ಎರಡು ಬಾರಿ ಪರೀಕ್ಷೆ ಮಾಡಿಸುವುದು ಉತ್ತಮ. ಮುಂಗಾರಿಗೆ ಮುಂಚೆ, ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಒಮ್ಮೆ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ. ಕರಾವಳಿ, ಮಲೆನಾಡುಗಳಲ್ಲಿ ಎರಡನೆಯ ಮಾದರಿಯನ್ನು ಅಕ್ಟೋಬರ್ ಕೊನೆಯಲ್ಲಿ ತೆಗೆಯಬಹುದು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೆಚ್ಚು ಮಳೆ ಪಡೆಯುವ ಪೂರ್ವದ ಜಿಲ್ಲೆಗಳಲ್ಲಿ ನವೆಂಬರ್ ಕೊನೆಯವರೆಗೆ ಕಾಯುವುದು ಲೇಸು. ಕುಡಿಯಲು ಬಳಸುವ ತೆರೆದ ಬಾವಿಯಾದರೆ ಮೊದಲ ಜೋರು ಮಳೆಯ ನಂತರ ರೋಗಾಣುಗಳಿಗಾಗಿ ಬೇರೆ ಪರೀಕ್ಷೆ ಬೇಕು.

ಒಂದು ವರ್ಷದ ಮೇ ತಿಂಗಳ ವರದಿಯನ್ನು ಇನ್ನೊಂದು ವರ್ಷದ ಮೇ ತಿಂಗಳ ವರದಿಯೊಡನೆಯೇ ಹೋಲಿಸಬೇಕು. ಮೇ ತಿಂಗಳದನ್ನು ನವೆಂಬರ್‌ನದರೊಡನೆ ಹೋಲಿಸಿ ನೀರು ಸುಧಾರಿಸಿತೆಂದು ತಿಳಿದರೆ ಮೋಸಹೋದಂತೆ. ಪ್ರತಿ ವರದಿಯ ಜೊತೆಗೆ ಹಿಂದಿನ ಮಳೆಯ ಪ್ರಮಾಣ ಮತ್ತು ಬಾವಿಯ ನೀರಿನ ಮಟ್ಟವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಮಾದರಿ ತೆಗೆಯುವ ಕ್ರಮ

1. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಬಳಸಬೇಕು. ಔಷಧಿ, ಸೀಮೆಎಣ್ಣೆ ತುಂಬಿದ್ದ ಬಾಟಲಿ ಕೂಡದು.
2. ಕೊಳವೆ ಬಾವಿಯ ಪಂಪನ್ನು 10-15 ನಿಮಿಷ ನಡೆಸಿದ ನಂತರ ನೀರು ಹಿಡಿಯಬೇಕು. ತೆರೆದ ಬಾವಿಯಲ್ಲಿ ಮೇಲಿನ ಪಾಚಿ, ಕಸವನ್ನು ಸರಿಸಿ ನೀರಿನ ಒಳಭಾಗದಿಂದ ತೆಗೆಯಬೇಕು.
3. ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ತೊಳೆದು ತುಂಬಬೇಕು.
4. ಹೆಸರು, ಗ್ರಾಮ, ಬಾವಿಯ ಆಳ, ದಿನಾಂಕ, ಬೆಳೆ ಮತ್ತು ನೀರಿನ ಉಪಯೋಗವನ್ನು ಚೀಟಿಯಲ್ಲಿ ಬರೆದು ಅಂಟಿಸಿ ಆದಷ್ಟು ಬೇಗ ಪ್ರಯೋಗಾಲಯಕ್ಕೆ ತಲುಪಿಸಬೇಕು.
5. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು. ಅದನ್ನು ತೊಳೆಯದೆ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಒಯ್ಯಬೇಕು.

ವರದಿಯನ್ನು ಓದುವ ಬಗೆ

ಕುಡಿಯುವ ನೀರಿನಲ್ಲಿ ಲೀಟರಿಗೆ ನೈಟ್ರೇಟ್ 45 ಮಿ.ಗ್ರಾಂ ಮೀರಬಾರದು. ಫ್ಲೋರೈಡ್ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5 ಮಿ.ಗ್ರಾಂ ಕೊನೆಯ ಮಿತಿ.

ನೀರಾವರಿಗೆ ವಿದ್ಯುತ್ ವಾಹಕತೆ 0.75 ಡೆಸಿ ಸೀಮೆನ್ಸ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 0.75ರಿಂದ 2.25ರವರೆಗೆ ಎಚ್ಚರಿಕೆ ಬೇಕು. ಅದಕ್ಕೂ ಮೇಲಿದ್ದರೆ ಹೆಚ್ಚಿನ ಬೆಳೆಗಳಿಗೆ ಹಾನಿ. ಉಳಿಕೆ ಸೋಡಿಯಂ ಕಾರ್ಬೋನೇಟ್ 1.25ರ ಒಳಗಿದ್ದರೆ ಸುರಕ್ಷಿತ, 2.5 ಮೀರಿದರೆ ನೀರಾವರಿಗೆ ತಕ್ಕುದಲ್ಲ.

ನಿರ್ವಹಣೆ

ವಾಹಕತೆ 1 ಡೆಸಿ ಸೀಮೆನ್ಸ್ ಇರುವ ನೀರಿನಲ್ಲಿ ಲೀಟರಿಗೆ ಸುಮಾರು 640 ಮಿ.ಗ್ರಾಂ ಲವಣವಿರುತ್ತದೆ. ಅದನ್ನು ಎಕರೆಗೆ 5 ಸೆಂ.ಮೀ.ನಂತೆ ಒಮ್ಮೆ ಹಾಯಿಸಿದರೆ ಸುಮಾರು 130 ಕಿ.ಗ್ರಾಂ ಲವಣ ಹೊಲಕ್ಕೆ ಸೇರುತ್ತದೆ. ಹತ್ತು ಬಾರಿ ಹಾಯಿಸಿದರೆ 13 ಕ್ವಿಂಟಾಲ್! ಇದನ್ನು ತೊಳೆಯಲು ಮಳೆಯೇ ಮುಖ್ಯ ಸಾಧನ. ಆದುದರಿಂದ ಮಳೆಗಾಲಕ್ಕೆ ಮುಂಚೆ ಹೊಲವನ್ನು ಮಟ್ಟಮಾಡಿ ಬದುಗಳನ್ನು ಸರಿಪಡಿಸಿ ಮಳೆ ನೀರು ಅಲ್ಲಿಯೇ ಇಂಗುವಂತೆ ಮಾಡಬೇಕು. ನೀರು ನಿಲ್ಲುವ ಕಪ್ಪು ಭೂಮಿಯಲ್ಲಿ ಬಸಿಗಾಲುವೆ ಇರಲೇಬೇಕು. ಇಲ್ಲವಾದರೆ ತೊಳೆದ ಲವಣ ಬೇಸಿಗೆಯಲ್ಲಿ ಮತ್ತೆ ಮೇಲೇರುತ್ತದೆ. ಸವುಳು ನೀರಿದ್ದಲ್ಲಿ ಹುರುಳಿಕಾಯಿ, ಈರುಳ್ಳಿಗಳ ಬದಲು ಹತ್ತಿ, ಜೋಳಗಳನ್ನು ಆರಿಸಿಕೊಳ್ಳಬಹುದು. ಉಳಿಕೆ ಸೋಡಿಯಂ ಕಾರ್ಬೋನೇಟ್ ಮಿತಿ ಮೀರಿದರೆ, ಮೀರಿದ ಪ್ರತಿ 1 ಮಿಲಿ ಈಕ್ವಿವಲೆಂಟಿಗೆ ಎಕರೆಯ 5 ಸೆಂ.ಮೀ. ನೀರಿಗೆ ಸುಮಾರು 17-18 ಕಿ.ಗ್ರಾಂ ಶುದ್ಧ ಜಿಪ್ಸಂ ಬೇಕಾಗುತ್ತದೆ.

ಯೂರಿಯಾವನ್ನು ಒಮ್ಮೆಗೇ ಹಾಕದೆ ಎರಡು ಮೂರು ಕಂತುಗಳಲ್ಲಿ ಕೊಡಬೇಕು. ಜೋರು ಮಳೆಯ ಮುನ್ಸೂಚನೆ ಇರುವಾಗ ಮೇಲುಗೊಬ್ಬರ ಹಾಕಬಾರದು. ತಿಪ್ಪೆ ಗುಂಡಿ ಮತ್ತು ಶೌಚದ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿದ್ದು, ಇಳಿಜಾರಿನ ಕೆಳಭಾಗದಲ್ಲಿರಬೇಕು.

ಬಾವಿ ಶುದ್ಧೀಕರಣಕ್ಕೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. 3 ಮೀಟರ್ ಅಗಲ, 4 ಮೀಟರ್ ನೀರಿರುವ ದುಂಡು ಬಾವಿಯಲ್ಲಿ ಸುಮಾರು 28,000 ಲೀಟರ್ ನೀರಿರುತ್ತದೆ. ಅದಕ್ಕೆ 70 ಗ್ರಾಂ ಬೇಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ನೀರು ಬೆರೆಸಿ, 10 ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಬೆರೆಸಬೇಕು. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ಒಂದು ಗಂಟೆಯ ನಂತರ ನೀರು ಬಳಸಬಹುದು. ನೆರೆಯ ಕೆಸರು ನೀರು ತುಂಬಿದ ಬಾವಿಯನ್ನು ಮೊದಲು ಬಸಿದು, ಆರೋಗ್ಯ ಕಾರ್ಯಕರ್ತರ ಸಲಹೆಯಂತೆ ಹೆಚ್ಚಿನ ಪ್ರಮಾಣ ಬಳಸಬೇಕು.

ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ. ಆದರೆ ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಅವು ಇನ್ನೂ ಸಾಂದ್ರವಾಗುತ್ತವೆ. ಇಂಥ ಊರುಗಳಲ್ಲಿ ಕುಡಿಯಲು ಮತ್ತು ಅಡಿಗೆಗೆ ಮಾಳಿಗೆಯ ಮಳೆ ನೀರನ್ನು ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿ, ಕುದಿಸಿ ಬಳಸುವುದು ಒಳ್ಳೆಯ ಉಪಾಯ. ಮೊದಲ ಮಳೆಯ ನೀರನ್ನು ಮಾತ್ರ ಹೊರಕ್ಕೆ ಬಿಡಬೇಕು.

ಬೀಜ, ಗೊಬ್ಬರ, ಪಂಪುಗಳಿಗೆ ಸಾವಿರಾರು ರೂಪಾಯಿ ವೆಚ್ಚ ಮಾಡುವ ರೈತರು ವರ್ಷಕ್ಕೆ ಎರಡು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಹಿಂಜರಿಯಬಾರದು. ವಿಸ್ತರಣಾ ಕಾರ್ಯಕರ್ತರು ಮೇ ತಿಂಗಳಲ್ಲಿ ಊರಿಗೆ ಹೋದಾಗ ಮಣ್ಣಿನ ಚೀಲದ ಜೊತೆಗೆ ನೀರಿನ ಬಾಟಲಿಯನ್ನೂ ಕೇಳಿ ಪಡೆಯುವ ರೂಢಿ ಹಾಕಿಕೊಂಡರೆ ಈ ಕೆಲಸ ಸುಗಮವಾಗುತ್ತದೆ.