ಹಲಗೆಯ ಮೇಲೊಂದು ರೈಲು, ರೈಲಿನ ಪಕ್ಕದಲ್ಲೊಂದು ಜಾತ್ರೆ

1871ನೆಯ ಇಸವಿಯಲ್ಲಿ ಎರಡು ಕಬ್ಬಿಣದ ಹಾದಿಗಳು ರಾಯಚೂರಿನಲ್ಲಿ ಸಂಧಿಸಿದುವು. ಒಂದು, ಮುಂಬಯಿಯಿಂದ ಇಳಿದುಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಯದು. ಇನ್ನೊಂದು, ಮದರಾಸಿನಿಂದ ಏರಿಬಂದ ಮದ್ರಾಸ್ ರೈಲ್ವೆ ಕಂಪೆನಿಯದು. ಭಾರತದ ಮೊದಲ ಪ್ರಯಾಣಿಕರ ಗಾಡಿ ಬೋರಿಬಂದರಿನಿಂದ ಠಾಣೆಗೆ ಓಡಿದ್ದು 1853ರಲ್ಲಿ. ಅದಾದ ಹದಿನೆಂಟು ವರ್ಷಗಳಿಗೆ ಮುಂಬಯಿ ಮದರಾಸುಗಳ ನಡುವಣ ಗಂಟು ಬಿದ್ದದ್ದು ಈ ಬಿಸಿಲ ಊರಿನಲ್ಲಿ.

ಇಷ್ಟು ದೊಡ್ಡ ಸಂಗಮದಿಂದ ದೇವದುರ್ಗ ಐವತ್ತು ಕಿಲೋಮೀಟರಿಗೆ ಕೊಂಚ ಹೆಚ್ಚು ದೂರದಲ್ಲಿದೆ. ಆದರೆ ಹಳಿ ಮಾತ್ರ ಅಲ್ಲಿಗೆ ಬರಲೇ ಇಲ್ಲ. ಮುನಿರಾಬಾದಿನಿಂದ ಮಹಬೂಬನಗರಕ್ಕೆಂದು 1997-98ರಲ್ಲಿ ಮಂಜೂರಾದ ಮಾರ್ಗ 2024ರಲ್ಲಿ ಸಿಂಧನೂರನ್ನು ಮುಟ್ಟಿತು. ಮುಂದೆ ಅದರ ನಕ್ಷೆ ಮಾನ್ವಿಯ ಮೇಲೆ ಹಾದು ರಾಯಚೂರಿಗೆ ಹೋಗುತ್ತದೆ. ದೇವದುರ್ಗ ಆ ನಕ್ಷೆಯಲ್ಲಿಯೂ ಇಲ್ಲ. ಅಲ್ಲಿನ ಹುಡುಗನಿಗೆ ರೈಲು ನೋಡಬೇಕೆಂಬ ಹಂಬಲ ಹುಟ್ಟಿದರೆ ಬಸ್ಸು ಹತ್ತಿ ರಾಯಚೂರಿಗೇ ಬರಬೇಕು. ಇಲ್ಲವಾದರೆ ಇನ್ನೊಂದು ಉಪಾಯವುಂಟು: ತನ್ನ ಮನೆಯಲ್ಲಿಯೇ ಒಂದು ರೈಲುಮಾರ್ಗವನ್ನು ಕಟ್ಟಬೇಕು!

ಇದು ನಗೆಯ ಮಾತಲ್ಲ. ದೊಡ್ಡದನ್ನು ಚಿಕ್ಕದಾಗಿ ಮಾಡಿ ಕಣ್ಣೆದುರಿಗೆ ಇಟ್ಟುಕೊಳ್ಳುವ ಬಯಕೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳನ್ನೂ ಗೋದಲಿಯನ್ನೂ ಮಾಡಿ ಪೂಜಿಸುವ ಮನೆಗಳು ಉತ್ತರ ಕರ್ನಾಟಕದಲ್ಲಿ ಎಷ್ಟಿಲ್ಲ? ಜೋಳದ ದಂಟಿನ ಬೆಂಡಿಗೆ ಸಿಬರು ಚುಚ್ಚಿ ಬಂಡಿ ಕಟ್ಟದ ಹುಡುಗನುಂಟೆ? ಮೈಸೂರು ಸೀಮೆಯ ದಸರಾ ಗೊಂಬೆಗಳ ಮುಂದೆ ತಟ್ಟೆಯಲ್ಲಿ ರಾಗಿ ಚೆಲ್ಲಿ, ಪೈರು ಬರಿಸಿ, ಕನ್ನಡಿಯ ಚೂರನ್ನು ಕೊಳವಾಗಿಸಿ, ಚನ್ನಪಟ್ಟಣದ ಮರದ ರೈಲನ್ನು ಬದಿಗಿಟ್ಟು 'ಪಾರ್ಕು' ಮಾಡುವ ಗೃಹಿಣಿಯರು ಈ ಹವ್ಯಾಸದ ಮೊದಲ ಪಾಠವನ್ನು ಆಗಲೇ ಕಲಿತವರು. ಆ ಪಾರ್ಕಿನ ರೈಲು ಓಡತೊಡಗಿದರೆ ಎರಡನೆಯ ಪಾಠ ಆರಂಭವಾಯಿತೆಂದು ತಿಳಿಯಬೇಕು.

ಎರಡನೆಯ ಪಾಠ ಲೆಕ್ಕದ್ದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ 'ಎಚ್.ಓ.' ಎಂದು ಹೆಸರು. ಅಂದರೆ ಮೂಲದ 87ರಲ್ಲಿ ಒಂದು ಪಾಲು. ಸುಮಾರು 21.3 ಮೀಟರ್ ಉದ್ದದ ಹಳೆಯ ಮಾದರಿಯ ರೈಲುಡಬ್ಬಿ ಇದರಲ್ಲಿ 24.5 ಸೆಂಟಿಮೀಟರಿಗೆ ಇಳಿಯುತ್ತದೆ. 'ಅಷ್ಟೇ ತಾನೆ!' ಎನ್ನುವಂತಿಲ್ಲ. ಇಪ್ಪತ್ತು ಡಬ್ಬಿಗಳ ಗಾಡಿಯನ್ನು ಮಾಡಹೊರಟರೆ ಸುಮಾರು ಐದು ಮೀಟರ್ ಬೇಕು. ಪಡಸಾಲೆಯ ಗೋಡೆ ಅಡ್ಡ ಬರುತ್ತದೆ. ದೇವದುರ್ಗದಿಂದ ರಾಯಚೂರಿನವರೆಗಿನ ದಾರಿಯನ್ನು ಈ ಅಳತೆಯಲ್ಲಿ ಹಾಸಿದರೂ ಅರ್ಧ ಕಿಲೋಮೀಟರಿಗೆ ಮೀರುತ್ತದೆ! ಆದುದರಿಂದ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಈ ಕಲೆಯ ಜೀವಾಳ. ನಾಲ್ಕು ಡಬ್ಬಿ, ಒಂದು ನಿಲ್ದಾಣ, ಒಂದು ಸೇತುವೆ, ಒಂದು ಬೇವಿನ ಮರ: ಇಷ್ಟರಲ್ಲಿಯೇ ಊರು ಕಾಣಬೇಕು.

ಭಾರತದ ಹವ್ಯಾಸಿಗೆ ಇನ್ನೊಂದು ತೊಡಕಿದೆ. ಎಚ್.ಓ. ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್, ಅದು ಯೂರೋಪಿನ 1435 ಮಿಲಿಮೀಟರ್ ಹಾದಿಗೆ ಹೊಂದುವಂಥದು. ಇಲ್ಲಿನ ಬ್ರಾಡ್‌ಗೇಜ್ 1676 ಮಿಲಿಮೀಟರ್. ಲೆಕ್ಕದಂತೆ ಹಲಗೆಯ ಮೇಲೆ ಅದು ಹತ್ತೊಂಬತ್ತಕ್ಕಿಂತ ತುಸು ಹೆಚ್ಚಾಗಬೇಕು. ಪೇಟೆಯಲ್ಲಿ ದೊರೆಯುವ ಹಳಿಯನ್ನೇ ಬಳಸಿ ಈ ಕೊರತೆಯನ್ನು ನುಂಗಿಕೊಳ್ಳುವವರು ಕೆಲವರು. ತಾವೇ ಅಗಲದ ಹಳಿ ಹಾಸುವ ಹಟಮಾರಿಗಳು ಮತ್ತೆ ಕೆಲವರು.

ಸಾಮಾನ್ಯ ಮಾದರಿಗಳಲ್ಲಿ ಎಂಜಿನ್ನು 12 ವೋಲ್ಟಿನ ನೇರ ವಿದ್ಯುತ್ತಿನಿಂದ ಓಡುತ್ತದೆ. ವಿದ್ಯುತ್ತು ಒಂದು ಹಳಿಯಿಂದ ಚಕ್ರಕ್ಕೆ ಹತ್ತಿ, ಮೋಟಾರನ್ನು ತಿರುಗಿಸಿ, ಇನ್ನೊಂದು ಹಳಿಯಿಂದ ಹಿಂದಿರುಗುತ್ತದೆ. ಎಡ ಬಲ ಹಳಿಗಳು ಒಂದನ್ನೊಂದು ಮುಟ್ಟಕೂಡದು. ಹಾದಿ ಬಳಸಿ ಬಂದು ತನ್ನನ್ನೇ ಕೂಡಿಕೊಂಡರೆ ಎಡಹಳಿ ಬಲಹಳಿಗೆ ತಾಗಿ ಒಡನೆಯೇ ಷಾರ್ಟ್ ಸರ್ಕೀಟು! ಅಂಥಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟು, ಆ ತುಂಡಿಗೆ ಬೇರೆ ತಂತಿಯಿಂದ ವಿದ್ಯುತ್ತು ಕೊಡಬೇಕಾಗುತ್ತದೆ. ಒಂದು ಹಾದಿ ಇನ್ನೊಂದರ ಮೇಲೆ ದಾಟಬೇಕಾದರೆ ಸುಮಾರು 8 ಸೆಂಟಿಮೀಟರ್ ಎತ್ತರ ಬೇಕು. ಐವತ್ತಕ್ಕೆ ಒಂದರ ಏರಿನಲ್ಲಿ ಅದಕ್ಕೆ 4 ಮೀಟರ್ ಓಟ ಬೇಕು. ಹಲಗೆ ಸಾಲದು ಎಂಬ ಅರಿವು ಹುಟ್ಟುವುದು ಇಲ್ಲಿಯೇ.

ರಾಯಚೂರಿನ ಸೀಮೆಯಲ್ಲಿ ಎರಡು ಶತ್ರುಗಳು ಹೆಚ್ಚಿಗೆ: ಧೂಳು, ಬಿಸಿಲು. ಎರೆನೆಲದ ಧೂಳೂ ಅರಳೆಯ ನವಿರೂ ಹಳಿಯ ಮೇಲೆ ಕುಳಿತರೆ ಚಕ್ರಕ್ಕೆ ವಿದ್ಯುತ್ತು ಹತ್ತದೆ ಗಾಡಿ ತಡವರಿಸುತ್ತದೆ. ಆಟಕ್ಕೆ ಮೊದಲು ಬಟ್ಟೆಯಿಂದ ಒರೆಸುವುದು ನಿತ್ಯಕರ್ಮ. ಬೇಸಗೆಯಲ್ಲಿ ಬಿಸಿ 20 ಡಿಗ್ರಿ ಏರಿತೆಂದರೆ 5 ಮೀಟರ್ ಹಳಿ ಒಂದೂವರೆ ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಬಿಗಿಯಾಗಿ ಬೆಸೆದ ಹಳಿ ಹಾವಿನಂತೆ ಡೊಂಕಾಗುತ್ತದೆ. ದೊಡ್ಡ ರೈಲಿನ ಎಂಜಿನಿಯರನು ಎದುರಿಸುವ ಚಿಂತೆಯೇ ಇಲ್ಲಿಯೂ. ಅದು ಪಡಸಾಲೆಗೆ ಬಂದಿದೆ, ಅಷ್ಟೆ.

ಇನ್ನು ಜಾತ್ರೆ. ಅಮೆರಿಕದ ಜಾರ್ಜ್ ಫೆರಿಸ್ 1893ರಲ್ಲಿ ಚಿಕಾಗೋ ಪ್ರದರ್ಶನಕ್ಕೆಂದು ನಿಲ್ಲಿಸಿದ ಚಕ್ರ ಸುಮಾರು 80 ಮೀಟರ್ ಎತ್ತರದ್ದು; ಅದನ್ನು ಎಚ್.ಓ. ಅಳತೆಗೆ ಇಳಿಸಿದರೂ ಮೂರು ಅಡಿ ನಿಲ್ಲುತ್ತದೆ. ಹಳ್ಳಿಯ ಜಾತ್ರೆಯ ತೊಟ್ಟಿಲಿಗೆ ಗೇಣುದ್ದ ಸಾಕು. ಸೈಕಲ್ಲಿನ ಕಡ್ಡಿ, ಬೆಂಕಿಪೊಟ್ಟಣದ ರಟ್ಟು, ಬೆಂಡು, ಅಂಟು, ನಿಧಾನವಾಗಿ ತಿರುಗುವ ಹಲ್ಲುಗಾಲಿಯ ಪುಟ್ಟ ಮೋಟಾರು: ಸಾಮಗ್ರಿ ಇಷ್ಟೆ. ಗುಟ್ಟು ಒಂದೇ. ತೊಟ್ಟಿಲು ತೂಗುವ ಕೀಲು ಅದರ ಭಾರದ ಕೇಂದ್ರಕ್ಕಿಂತ ಮೇಲಿರಬೇಕು. ಇಲ್ಲವಾದರೆ ಚಕ್ರದ ತುದಿಗೇರಿದ ಸವಾರರೆಲ್ಲ ತಲೆಕೆಳಗು! ಮಿಠಾಯಿಯ ಅಂಗಡಿಯೂ ಬಳೆಗಾರನ ಸಾಲೂ ನಾಟಕ ಕಂಪೆನಿಯ ಡೇರೆಯೂ ಒಂದೊಂದಾಗಿ ಬಂದು ಕೂಡುತ್ತವೆ. ತಂದೆ ತಂತಿ ಬೆಸೆಯುತ್ತಿದ್ದರೆ ಚಿಂದಿಬಟ್ಟೆಯ ಡೇರೆ ಹೊಲಿಯುವ ಕೆಲಸ ತಾಯಿಯದೊ ಮಗಳದೊ ಆಗುತ್ತದೆ. ಊಟದ ಹೊತ್ತು ಮಾತ್ರ ತಪ್ಪುತ್ತದೆ.

ಈ ಹುಚ್ಚು ಎಷ್ಟು ದೂರ ಹೋಗಬಲ್ಲುದು? ಪುಣೆಯ ಭಾವೂ ಜೋಶಿಯವರು ಹಲವು ದಶಕಗಳ ತಮ್ಮ ಹವ್ಯಾಸವನ್ನು 1998ರಲ್ಲಿ ಸಾರ್ವಜನಿಕರ ವೀಕ್ಷಣೆಗೆ ತೆರೆದರು. ಅವರ ಪುಟ್ಟ ನಗರದಲ್ಲಿ ರೈಲುಗಳ ಜೊತೆಗೆ ಸರ್ಕಸ್ಸೂ ಉಂಟು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಬ್ರೌನ್ ಸಹೋದರರು 2001ರಲ್ಲಿ ತೆರೆದ ಲೋಕ ಇನ್ನೂ ವಿಸ್ತಾರವಾದುದು. ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ 1946ರಲ್ಲಿ ಹುಟ್ಟಿದ ರೈಲುಮಾದರಿ ಸಂಘದ ಕಥೆಯಂತೂ ಸ್ವಾರಸ್ಯಕರ. ಹಲಗೆಯ ಕೆಳಗೆ ತಂತಿ, ಸ್ವಿಚ್ಚುಗಳ ಜಾಲ ಹೆಣೆಯುತ್ತಿದ್ದ ಹುಡುಗರಲ್ಲಿ ಕೆಲವರು ಮುಂದೆ ಗಣಕಯಂತ್ರಗಳಿಗೆ ಆದೇಶಮಾಲೆ ಬರೆದ ಮೊದಲಿಗರ ಸಾಲಿಗೆ ಸೇರಿದರು.

ಇದೆಲ್ಲ ದುಡ್ಡಿದ್ದವರ ಆಟವಲ್ಲವೆ ಎಂಬ ಆಕ್ಷೇಪಣೆ ಬರುವುದು ಸಹಜ. ಹೊರದೇಶದ ಎಂಜಿನ್ನು ದುಬಾರಿ ಎಂಬುದು ನಿಜ. ಆದರೆ ಎಂಜಿನ್ನೊಂದನ್ನು ಬಿಟ್ಟರೆ ಉಳಿದುದೆಲ್ಲ ಕೈಯಿಂದ ಆಗುವಂಥದು. ಹೊತ್ತು ಹಾಳಲ್ಲವೆ ಎಂಬ ಮಾತಿಗೆ ಉತ್ತರ ಬೇರೆ ಇದೆ. ಬ್ರಾಡ್‌ಗೇಜ್ ಹಾದಿಯ ದಿನನಿತ್ಯದ ಗಾಡಿಗಳಿಂದ ಉಗಿ ಎಂಜಿನ್ನು ಮರೆಯಾದದ್ದು 1995ರಲ್ಲಿ. ಅದರ ಕೂಗನ್ನು ಕೇಳಿ ಬೆಳೆದ ಅಜ್ಜನಿಗೂ ಅದನ್ನು ಕಾಣದ ಮೊಮ್ಮಗನಿಗೂ ನಡುವೆ ಒಂದು ಹಲಗೆ ಇದ್ದರೆ, ಇಬ್ಬರೂ ಅದರ ಎರಡು ಬದಿಯಲ್ಲಿ ಕೂಡಬಹುದು. ಅಜ್ಜನಿಗೆ ಅದು ಹೋದ ಕಾಲ. ದೇವದುರ್ಗದ ಮೊಮ್ಮಗನಿಗೆ ಇನ್ನೂ ಬಾರದ ಕಾಲ.

ಹಾದಿಯ ಎರಡು ತುದಿಗಳು ಕೂಡುವ ಕಡೆಯ ಗೇಣು ಹಳಿಯೇ ಎಲ್ಲಕ್ಕಿಂತ ಕಷ್ಟದ್ದು. ಒಂದು ಕೂದಲು ಹೆಚ್ಚುಕಡಿಮೆಯಾದರೂ ಗಾಡಿ ಅಲ್ಲಿಯೇ ಉರುಳುತ್ತದೆ. ಮೊಮ್ಮಗ ಅರದಿಂದ ತುದಿಯನ್ನು ಉಜ್ಜುತ್ತಾನೆ, ಅಜ್ಜ ಕನ್ನಡಕವೇರಿಸಿ ನೋಡುತ್ತಾನೆ. ಗಾಡಿ ಬರುತ್ತದೆ, ಬೆಸುಗೆಯನ್ನು ಟಕ್ಕೆಂದು ದಾಟುತ್ತದೆ. ರಟ್ಟಿನ ನಿಲ್ದಾಣದ ಫಲಕದ ಮೇಲೆ ಬರೆದ ಹೆಸರು 'ದೇವದುರ್ಗ'.